ಗುಡುಗು ಪ್ರಾಟ್ ಊರು ಬಿಟ್ಟ ದಿನ

ಗಂಟಲ ಮೇಲೆ ಕ್ಷೌರದ ಕತ್ತಿ ಇರುವಾಗ ಯಾರೂ ತಲೆ ಅಲ್ಲಾಡಿಸುವುದಿಲ್ಲ. ಜೋಥಮ್ ಪ್ರಾಟ್ ಕೂಡ ಅಲ್ಲಾಡಿಸಲಿಲ್ಲ. ಅವನ ಆ ದಿನದ ಕಷ್ಟಕ್ಕೆಲ್ಲ ಇಷ್ಟೇ ಕಾರಣ.

ನಾಲ್ಕು ತಿಂಗಳು ದನದ ಹಿಂಡಿನ ಬಾಲ ನೋಡುತ್ತ, ಟೆಕ್ಸಾಸಿನಿಂದ ಕಾನ್ಸಾಸಿನ ತನಕ ಧೂಳು ತಿನ್ನುತ್ತ ಬಂದಿದ್ದ. ಆ ಬೆಳಿಗ್ಗೆ ಕೊನೆಯ ಹೋರಿಯನ್ನೂ ರೈಲಿಗೆ ಹತ್ತಿಸಿ, ಮಡ್ ಬೆಂಡ್ ಊರಿನ ಕ್ಷೌರಿಕ ಫಿನಿಯಸನ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದ್ದ. ಕ್ಷೌರ, ಆಮೇಲೆ ಬಿಸಿನೀರ ಸ್ನಾನ, ಆಮೇಲೆ ಒಂದು ಮುಖ್ಯವಾದ ಮಾತು. ಅಷ್ಟೇ ಅವನ ಲೆಕ್ಕಾಚಾರ.

"ಕ್ಯಾಪ್ಟನ್ ಬಾಗ್ಸ್ ಬಂದಿದಾನೆ ಗೊತ್ತಾ?" ಎಂದ ಫಿನಿಯಸ್, ಕತ್ತಿಯನ್ನು ಗಂಟಲ ಗುಂಡಿಯ ಮೇಲೆ ನಿಲ್ಲಿಸಿ. "ತನ್ನ ಕುದುರೆ ಕರ್ಕೊಂಡು ಬಂದಿದಾನೆ. 'ಕೊನೇದಿನ' ಅಂತ ಅದರ ಹೆಸರು. ಅರವತ್ತೊಂದು ಜನರನ್ನ ಕೆಡವಿದೆಯಂತೆ. ಅದರಲ್ಲಿ ಹದಿಮೂರು ಜನ ಮತ್ತೆ ಎದ್ದೇ ಇಲ್ಲವಂತೆ. ನಿನ್ನಂಥ ಗಂಡಸು ಊರಲ್ಲಿರುವಾಗ ಆ ಕುದುರೆ ಹೀಗೆ ಮೆರೀಬಹುದಾ? ಇವತ್ತು ಮೂರು ಗಂಟೆಗೆ ನೀನು ಅದನ್ನ ಹತ್ತುತೀಯ. ಬೇಡ ಅನ್ನೋದಾದ್ರೆ ತಲೆ ಅಲ್ಲಾಡಿಸು."

ಜೋಥಮ್ ಉಸಿರನ್ನೂ ಬಿಡಲಿಲ್ಲ.

ಫಿನಿಯಸ್ ಕತ್ತಿ ಕೆಳಗಿಟ್ಟು ನೆಟ್ಟಗೆ ಬಾಗಿಲಿಗೆ ಹೋದ. "ಲೋ, ಕೇಳ್ರೋ! ಗುಡುಗು ಪ್ರಾಟ್ ಒಪ್ಪಿದ! ಮೂರು ಗಂಟೆಗೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಜೋಥಮ್ ಅರ್ಧ ಗಡ್ಡದಲ್ಲೇ ಎದ್ದು ಕೂತ.

ಇಲ್ಲಿ ಎರಡು ಮಾತು ಹೇಳಿಬಿಡಬೇಕು. ಒಂದು, ಗುಡುಗು ಪ್ರಾಟನದು. ಮೂರು ಸಾವಿರ ದನ ಗುಡುಗಿಗೆ ಬೆದರಿ ಓಡುತ್ತಿದ್ದಾಗ ಎದುರು ನಿಂತು, ಆಕಾಶದ ಕಡೆ ಮುಖ ಮಾಡಿ ಒಂದು ಸಲ ಗದರಿದ ಗಂಡು ಅವನು. ಗುಡುಗು ಅಲ್ಲಿಗೇ ನಿಂತುಹೋಯಿತು. ಮೋಡಗಳು ಬೇರೆ ಜಿಲ್ಲೆಗೆ ಹೋದವು. ಮೂರು ಸಾವಿರ ದನಗಳೂ ಮರ್ಯಾದೆಯಿಂದ ಮಂಡಿಯೂರಿ ಕೂತವು. ಆ ಕೂಗಿಗೆ ಹೆದರಿದ ಒಂದು ನದಿ ಇವತ್ತಿಗೂ ಅಲ್ಲಿ ಡೊಂಕಾಗಿ ಹರಿಯುತ್ತಿದೆ. ಟೆಕ್ಸಾಸಿನಿಂದ ವಯೋಮಿಂಗ್ ತನಕ ಈ ಕತೆ ಗೊತ್ತಿಲ್ಲದ ದನಗಾಹಿ ಇರಲಿಲ್ಲ.

ನಡೆದದ್ದೇನು ಅಂದರೆ, ಆ ಮಧ್ಯಾಹ್ನ ಜೋಥಮ್ ಹೊಟ್ಟೆ ಕೆಟ್ಟು ಪೊದೆಯ ಹಿಂದೆ ಕೂತಿದ್ದ. ಗುಡುಗು ಬಡಿಯಿತು, ಕುದುರೆ ಓಡಿತು, ದನಗಳು ನುಗ್ಗಿದವು. ಇವನು ಪ್ಯಾಂಟು ಹಿಡಿದುಕೊಂಡು ಒಂದು ಹಳ್ಳಕ್ಕೆ ಹಾರಿ, ಕಿವಿ ಮುಚ್ಚಿಕೊಂಡು, "ಅಮ್ಮಾ!" ಎಂದು ಕಿರುಚಿದ. ಹಳ್ಳದಲ್ಲಿ ನೀರಿತ್ತು. ಓಡಿ ಓಡಿ ಬಾಯಾರಿದ ದನಗಳು ನೀರು ಕಂಡು ನಿಂತವು. ಅಷ್ಟೇ. ಇದನ್ನು ಅವನು ಆರು ವರ್ಷದ ಹಿಂದೆ ಒಂದೇ ಒಂದು ಕಡೆ ಬಾಯಿಬಿಟ್ಟು ಹೇಳಿದ್ದ, ಇದೇ ಊರಲ್ಲಿ, ಲವೀನಾ ಹ್ಯಾಚಳ ಊಟದ ಮನೆಯ ಮೂಲೆ ಮೇಜಿನಲ್ಲಿ ಕೂತು. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದಳು. ಆ ನಗುವಿಗೇ ಅವನು ಬಿದ್ದುಹೋದದ್ದು.

ಎರಡನೆಯದು, ನಮ್ಮ ಕಡೆಯ ಒಂದು ನಿಯಮ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಸುಳ್ಳು ಅನ್ನುವಂತಿಲ್ಲ. ಅಂದರೆ ಇಬ್ಬರೂ ಪಿಸ್ತೂಲು ಹಿಡಿದು ಬೀದಿಗೆ ಬರಬೇಕು, ಒಬ್ಬನೇ ಮನೆಗೆ ಹೋಗಬೇಕು. ಕೋರ್ಟು ಕಚೇರಿ ಮುನ್ನೂರು ಮೈಲಿ ದೂರ ಇದ್ದ ಕಾಲ. ದನ ಮಾರುವುದು, ಕೊಳ್ಳುವುದು, ಹುಲ್ಲುಗಾವಲಿಗೆ ಗಡಿ ಗುರುತಿಸುವುದು, ಎಲ್ಲ ಬಾಯಿಮಾತಿನ ಮೇಲೇ ನಡೆಯಬೇಕು. ಆ ಮಾತನ್ನೇ ಸುಳ್ಳೆಂದರೆ ಉಳಿಯುವುದೇನು? ಹಾಗಾಗಿ ಎಂಥ ಬುರುಡೆ ಬಿಟ್ಟರೂ ಟೊಪ್ಪಿ ಸರಿಮಾಡಿಕೊಂಡು "ಹೌದಾ!" ಅನ್ನುವುದೇ ಸಭ್ಯತೆ. ಹೆಂಗಸಿನ ಮಾತನ್ನು ಸುಳ್ಳೆಂದವನಿಗಂತೂ ಬೀದಿಗೆ ಬರುವ ಶ್ರಮವೂ ಇಲ್ಲ, ಪಕ್ಕದಲ್ಲಿ ಕೂತವರೇ ಕೆಲಸ ಮುಗಿಸುತ್ತಿದ್ದರು.

ಜೋಥಮ್ ಸಿಕ್ಕಿಬಿದ್ದದ್ದು ಇಲ್ಲೇ. "ಅಯ್ಯೋ, ನಾನು ಗುಡುಗಿಗೆ ಗದರಿಲ್ಲ, ಹೆದರಿ ಅತ್ತೆ" ಎಂದು ಹೇಳಿದರೆ, ಆ ಕತೆ ಹೇಳಿದ ಪ್ರತಿಯೊಬ್ಬನನ್ನೂ ಸುಳ್ಳುಗಾರ ಎಂದ ಹಾಗೆ. ಆ ಬೀದಿಯಲ್ಲೇ ನಲವತ್ತು ಜನ ಅದನ್ನು ಆಣೆ ಇಟ್ಟು ಹೇಳಿದ್ದರು. ನಲವತ್ತು ಜನರ ಜೊತೆ ಗುಂಡು ಹಾರಿಸುವಷ್ಟು ತೋಟಾ ಅವನ ಹತ್ತಿರ ಇರಲಿಲ್ಲ. ಇದ್ದರೂ ಅವನ ಗುರಿ ಎಂಥದೆಂದರೆ, ಒಮ್ಮೆ ಹಾವಿಗೆ ಹೊಡೆದದ್ದು ಅಡುಗೆ ಗಾಡಿಯ ಕಾಫಿ ಪಾತ್ರೆಗೆ ಬಿದ್ದಿತ್ತು.

"ಕೂತ್ಕೋ, ಕೂತ್ಕೋ, ಇನ್ನರ್ಧ ಗಡ್ಡ ಇದೆ" ಎಂದ ಫಿನಿಯಸ್ ಖುಷಿಯಿಂದ. "ಹೆಣ ಆದರೂ ಚೆನ್ನಾಗಿ ಕಾಣ್ಬೇಕು."

ಕುರ್ಚಿಯಿಂದ ಇಳಿದವನೇ ಸ್ನಾನವನ್ನೂ ಮರೆತು ಲವೀನಾಳ ಊಟದ ಮನೆಗೆ ಹೋದ. ಅವಳು ಹಿಂದಿನ ಅಡುಗೆಕೋಣೆಯಲ್ಲಿ ಮೊಣಕೈ ತನಕ ಹಿಟ್ಟು ಮಾಡಿಕೊಂಡು ಪೈಗೆ ಹಿಟ್ಟು ಲಟ್ಟಿಸುತ್ತಿದ್ದಳು. ನಲವತ್ತರ ಆಸುಪಾಸಿನ ವಿಧವೆ. ಗಂಡ ಒಂದು ಪುಂಡ ಕುದುರೆಯಿಂದ ಬಿದ್ದು ಸತ್ತು ಏಳು ವರ್ಷವಾಗಿತ್ತು. ಅವಳ ಕೈಯ ಒಣಸೇಬಿನ ಹೂರಣದ ಪೈ ತಿನ್ನಲು ದಂಡು ಕಟ್ಟಿಕೊಂಡು ಬರುತ್ತಿದ್ದ ದನಗಾಹಿಗಳು ಅವಳ ಎದುರು ಮಾತ್ರ ಶಾಲೆಯ ಮಕ್ಕಳ ಹಾಗೆ ಕೈ ತೊಳೆದು ಕೂರುತ್ತಿದ್ದರು.

ಆರು ವರ್ಷದಿಂದ ಜೋಥಮ್ ಇಪ್ಪತ್ತು ಸಲ ಕೇಳಬೇಕೆಂದುಕೊಂಡು, ಇಪ್ಪತ್ತು ಸಲವೂ "ಇನ್ನೊಂದು ತುಂಡು ಪೈ" ಎಂದು ಕೇಳಿ ಎದ್ದು ಬಂದಿದ್ದ. ಈ ಸಲ ಗಟ್ಟಿ ಮನಸ್ಸು ಮಾಡಿದ್ದ. ವಯಸ್ಸು ನಲವತ್ತನಾಲ್ಕು. ಮೊಣಕಾಲು ಎರಡೂ ಕಿರುಗುಟ್ಟುತ್ತಿದ್ದವು. ಕಾಲು ಎಷ್ಟು ಬಾಗಿದ್ದವೆಂದರೆ ನಡುವೆ ಒಂದು ಕರು ಹಾಯ್ದು ಹೋಗಬಹುದಿತ್ತು. ಕುದುರೆ ಇಳಿದು, ಈ ಬೆಚ್ಚಗಿನ ಮನೆಯಲ್ಲಿ, ಇವಳ ಪಕ್ಕದಲ್ಲಿ ಉಳಿದ ಕಾಲ ಕಳೆಯಬೇಕು. ಅವನಿಗೆ ಬೇರೆ ಏನೂ ಬೇಕಿರಲಿಲ್ಲ.

"ಲವೀನಾ, ಒಂದು ವಿಷಯ..." ಎಂದ, ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತ.

"ಆ ಕುದುರೆ ವಿಷಯ ಕೇಳ್ದೆ" ಎಂದಳು ಅವಳು ತಲೆ ಎತ್ತದೆ. "ಅದರ ಮೇಲೆ ಕಾಲು ಹಾಕಿದೆಯೋ, ಈ ಬಾಗಿಲು ತುಳೀಬೇಡ. ಹೇಳಿದೀನಿ."

"ನಾನೇನು ಹತ್ತಬೇಕು ಅಂತ..."

"ಹತ್ತದೆ ಬಂದರೆ ನಾಲ್ಕು ಗಂಟೆಗೆ ಪೈ ಬಿಸಿಯಾಗಿರುತ್ತೆ. ನೀನು ಆರು ವರ್ಷದಿಂದ ನುಂಗ್ತಾ ಇದೀಯಲ್ಲ, ಆ ಮಾತೂ ಆಗ ಹೇಳು. ಕೇಳಿಸ್ಕೋತೀನಿ. ಈಗ ಹೋಗು, ಹಿಟ್ಟಿಗೆ ಧೂಳು ಬೀಳುತ್ತೆ."

ಜೋಥಮ್ ಗಾಳಿಯಲ್ಲಿ ತೇಲುತ್ತ ಹೊರಗೆ ಬಂದ. ಇವಳಿಗೆ ತನ್ನ ಮೇಲೆ ಮನಸ್ಸಿದೆ! ಗಂಡನನ್ನು ಕುದುರೆ ತಿಂದಿತು, ನನ್ನನ್ನೂ ತಿನ್ನಬಾರದು ಅಂತ ಅವಳ ಸಂಕಟ! ಬೀದಿಗೆ ಬಂದು ನಾಲ್ಕು ಹೆಜ್ಜೆ ಇಟ್ಟ ಮೇಲೆ ನೆಲಕ್ಕಿಳಿದ. ಹತ್ತಿದರೆ ಲವೀನಾ ಇಲ್ಲ, ಬಹುಶಃ ತಾನೂ ಇಲ್ಲ. ಹತ್ತುವುದಿಲ್ಲ ಎಂದರೆ ಫಿನಿಯಸ್ ಸುಳ್ಳುಗಾರ. ಒಂದು ನೆಪ ಬೇಕು. ಸಭ್ಯವಾದ, ಯಾರನ್ನೂ ಸುಳ್ಳೆನ್ನದ ನೆಪ.

ಮೊದಲು ಕಮ್ಮಾರ ಗಸ್‌ನ ಕುಲುಮೆಯ ಎದುರು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ. ಗಸ್ ಒಳ್ಳೆಯವನು, ಆದರೆ ಯಾವ ಮಾತನ್ನೂ ಬರಿಗೈಲಿ ಕಳಿಸುವವನಲ್ಲ, ಏನಾದರೂ ಸೇರಿಸಿಯೇ ಕಳಿಸುವವನು.

"ಗಸ್, ನನ್ನ ಸೊಂಟ ಹಿಡ್ಕೊಂಡುಬಿಟ್ಟಿದೆ ಕಣಪ್ಪ. ಬಗ್ಗೋಕೂ ಆಗ್ತಿಲ್ಲ."

ಗಸ್ ಸುತ್ತಿಗೆ ಕೆಳಗಿಟ್ಟ. ಅವನ ಕಣ್ಣು ಅರಳಿತು. "ಸೊಂಟ ಮುರಿದಿದ್ರೂ ಹತ್ತುತೀಯಾ?"

"ಹತ್ತುತೀನಿ ಅಂತ ಅಲ್ಲಯ್ಯಾ, ನಾನು ಹೇಳ್ತಿರೋದು..."

ಗಸ್ ಆಗಲೇ ಬೀದಿಯಲ್ಲಿದ್ದ. "ಮುರಿದ ಸೊಂಟದಲ್ಲೇ ಹತ್ತುತಾನಂತೆ ಕಣ್ರೋ!"

ಜೋಥಮ್ ಹಣೆ ಒರೆಸಿಕೊಂಡ. ಸರಿ, ಇನ್ನೊಂದು ದಾರಿ. ದನಗಾಹಿಗೆ ಕುದುರೆ ಯಜಮಾನನದು, ಜೀನು ಮಾತ್ರ ಸ್ವಂತದ್ದು. ಹೆಂಡತಿಯನ್ನಾದರೂ ಪರರ ಮನೆಯಲ್ಲಿ ಬಿಟ್ಟು ಹೋದಾನು, ಜೀನು ಬಿಟ್ಟು ಹೋಗಲಾರ. ಇನ್ನೊಬ್ಬನ ಜೀನಿನ ಮೇಲೆ ಕೂತು ಪಂದ್ಯ ಕಟ್ಟುವುದಂತೂ ನಾಚಿಕೆಗೇಡು. ಜೀನೇ ಇಲ್ಲದಿದ್ದರೆ? ಅವನು ತನ್ನ ಜೀನನ್ನು ಹೊತ್ತುಕೊಂಡು ಚರ್ಮದ ಕೆಲಸದವನ ಹತ್ತಿರ ಓಡಿ, "ಪೂರ್ತಿ ಬಿಚ್ಚಿಬಿಡು, ಒಂದು ಹೊಲಿಗೆ ಬಿಡದ ಹಾಗೆ. ಹೊಸದಾಗಿ ಹೊಲಿ. ವಾರ ಆದರೂ ಪರವಾಗಿಲ್ಲ" ಎಂದ. ಜೀನು ಹದಿನಾರು ತುಂಡಾಗುವ ತನಕ ಅಲ್ಲೇ ನಿಂತು ನೋಡಿ, ಹಗುರ ಮನಸ್ಸಿನಿಂದ ಹೊರಬಂದ.

ಬೀದಿಯಲ್ಲಿ ಜನ ಅವನಿಗೆ ದಾರಿ ಬಿಟ್ಟು ಟೊಪ್ಪಿ ತೆಗೆದರು. "ಜೀನಿಲ್ಲದೆ!" ಎಂದು ಒಬ್ಬ ಪಿಸುಗುಟ್ಟಿದ. "ಸ್ವಂತ ಜೀನನ್ನೇ ಬಿಚ್ಚಿಸಿ ಹಾಕಿದನಂತೆ. ಬರೀ ಬೆನ್ನ ಮೇಲೇ ಕೂರ್ತಾನಂತೆ."

ಎರಡು ಗಂಟೆ ಹೊಡೆಯಿತು. ಜೋಥಮ್ ಔಷಧದಂಗಡಿಗೆ ನುಗ್ಗಿ, ಕಣ್ಣಿಗೆ ಧೂಳು ಹೊಕ್ಕು ಏನೂ ಕಾಣುತ್ತಿಲ್ಲ ಎಂದು ಒಂದು ಉದ್ದ ಬಿಳಿ ಪಟ್ಟಿ ಕಟ್ಟಿಸಿಕೊಂಡ. ಇನ್ನು ಯಾವ ಮನುಷ್ಯನೂ ಕುರುಡನನ್ನು ಕುದುರೆ ಹತ್ತಿಸಲಾರ. ತಡವರಿಸುತ್ತ ಬಾಗಿಲಿಗೆ ಬರುವಷ್ಟರಲ್ಲಿ ಹೊರಗಿನ ಜಯಕಾರಕ್ಕೆ ಅಂಗಡಿಯ ಸೀಸೆಗಳು ಅಲುಗಾಡಿದವು.

"ಕಣ್ಣು ಕಟ್ಟಿಕೊಂಡು ಹತ್ತುತಾನೆ! ಮುರಿದ ಸೊಂಟ, ಜೀನಿಲ್ಲ, ಕಣ್ಣಿಲ್ಲ!" ಎಂದು ಕೂಗಿದ ಫಿನಿಯಸ್, ಅಳುವುದೊಂದು ಬಾಕಿ. "ಎಡಗೈಲಿ ಹಸಿ ಮೊಟ್ಟೆ ಹಿಡ್ಕೊಂಡು! ಅದು ಒಡೆಯೋ ಹಾಗಿಲ್ಲ!"

ಮೊಟ್ಟೆ ಎಲ್ಲಿಂದ ಬಂತೋ ದೇವರೇ ಬಲ್ಲ. ಆದರೆ ಯಾರೋ ಅದನ್ನು ತಂದು ಅವನ ಎಡಗೈಯಲ್ಲಿ ಇಟ್ಟೂಬಿಟ್ಟರು. ಇನ್ನೊಂದು ನೆಪ ಹೇಳಲು ಜೋಥಮ್ ಬಾಯಿ ತೆರೆದ, ಮತ್ತೆ ಮುಚ್ಚಿದ. ಇನ್ನೊಂದು ಹೇಳಿದರೆ ತಲೆಕೆಳಗಾಗಿ ಹತ್ತಬೇಕಾದೀತು.

ಮೂರಕ್ಕೆ ಐದು ನಿಮಿಷವಿದ್ದಾಗ ಊರೆಲ್ಲ ಬೇಲಿಯ ಮೇಲೆ ಕಾಗೆಗಳ ಹಾಗೆ ಕೂತಿತ್ತು. ಬೇಲಿಯ ಒಳಗೆ ಒಂದು ತಗಡಿನ ಕೊಟ್ಟಿಗೆ, ಅದಕ್ಕೆ ಕಬ್ಬಿಣದ ಮೂರು ಚಿಲಕ. ಕುದುರೆಯನ್ನು ಊರವರು ಇನ್ನೂ ಕಂಡಿರಲಿಲ್ಲ. ಚಿಲಕ ನೋಡಿಯೇ ಬೆವರಿದ್ದರು. ಕ್ಯಾಪ್ಟನ್ ಬಾಗ್ಸ್, ಹೊಳೆಯುವ ಗುಂಡಿಯ ಕೋಟಿನ ಧಡೂತಿ ಮನುಷ್ಯ, ಜೋಥಮನ ಕೈ ಹಿಡಿದು, "ಹತ್ತೋ ಮೊದಲು ಕುದುರೆ ಮುಖ ನೋಡೋ ಪದ್ಧತಿ ಇದೆ, ನಾವಿಬ್ಬರೇ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅವನನ್ನು ಕೊಟ್ಟಿಗೆಗೆ ಎಳೆದುಕೊಂಡು ಬಾಗಿಲು ಹಾಕಿದ.

ಒಳಗೆ ಬಂದದ್ದೇ ತಡ, ಕ್ಯಾಪ್ಟನ್ ಮೊಣಕಾಲೂರಿ ಕೂತ.

"ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಹತ್ತಬೇಡ."

ಜೋಥಮ್ ಕಣ್ಣಿನ ಪಟ್ಟಿ ಮೇಲೆ ಸರಿಸಿದ. ಎದುರಿಗೆ ಹುಲ್ಲಿನ ಮೇಲೆ ಒಂದು ಬೂದುಬಣ್ಣದ ಮುದಿ ಕುದುರೆ ನಿಂತಿತ್ತು. ಅದರ ಕೆಳದುಟಿ ಜೋತುಬಿದ್ದಿತ್ತು. ಒಂದು ಬಕೆಟ್ಟಿನಲ್ಲಿ ನೆನೆಸಿದ ಓಟ್ಸ್ ಇತ್ತು, ಹಲ್ಲಿಲ್ಲದವರಿಗೆ ಕೊಡುವ ಗಂಜಿಯ ಹಾಗೆ. ಕುದುರೆ ಜೋಥಮನನ್ನು ನೋಡಿ ಆಕಳಿಸಿತು.

"ಇದಾ ಕೊನೇದಿನ?"

"ಇದೇ" ಎಂದ ಕ್ಯಾಪ್ಟನ್ ಕಣ್ಣೊರೆಸಿಕೊಳ್ಳುತ್ತ. "ಇಪ್ಪತ್ತೇಳು ವರ್ಷ ಇದಕ್ಕೆ. ಕೆಡವಿದ್ದು ಒಬ್ಬನನ್ನ, ನನ್ನ ಭಾವಮೈದನನ್ನ. ಅವನೂ ಕುಡಿದು ತಾನೇ ಜಾರಿದ್ದು. ನಾಚಿಕೆ ಆಗಿ ಕುದುರೆ ಮೇಲೆ ಹಾಕಿದ. ನಾನು ಅವನನ್ನ ಸುಳ್ಳುಗಾರ ಅನ್ನೋಕಾಗುತ್ತಾ? ಮುಂದಿನ ಊರಲ್ಲಿ ಅದು ಮೂರು ಜನ ಆಯ್ತು, ಅದರ ಮುಂದಿನ ಊರಲ್ಲಿ ಹತ್ತು. ನಾನು ಬಾಯಿ ಬಿಡಲಿಲ್ಲ, ಊರೂರಲ್ಲಿ ಕಾಸು ಎತ್ತಿ ಹೊಟ್ಟೆಪಾಡು ನಡೀತು. ಇಷ್ಟು ವರ್ಷ ಯಾರೂ ಧೈರ್ಯ ಮಾಡಿರಲಿಲ್ಲ. ನೀನು ಹತ್ತಿದರೆ ಅದು ಸುಮ್ಮನೆ ನಿಂತ್ಕೊಳ್ಳುತ್ತೆ. ನಾನು ಮುಳುಗಿಹೋಗ್ತೀನಿ. ನೀನು ಗುಡುಗು ಪ್ರಾಟ್, ದೊಡ್ಡ ಮನುಷ್ಯ. ಕರುಣೆ ತೋರಿಸು."

ಜೋಥಮ್ ಒಂದು ಗಳಿಗೆ ಅವನನ್ನು ನೋಡಿದ, ಒಂದು ಗಳಿಗೆ ಕುದುರೆಯನ್ನು ನೋಡಿದ. ಎದೆಯ ಮೇಲಿದ್ದ ಬಂಡೆ ಉರುಳಿಹೋಯಿತು. ಮೊಟ್ಟೆ ಹಿಡಿದ ಕೈಯಿಂದಲೇ ಕ್ಯಾಪ್ಟನ್ನನ್ನು ಎಬ್ಬಿಸಿ ತಬ್ಬಿಕೊಂಡ.

"ಅಣ್ಣಾ, ನಾನೂ ನಿನ್ನ ಕುದುರೆ ಹಾಗೇ ಕಣೋ" ಎಂದ. ಹೊಟ್ಟೆ ಕೆಟ್ಟದ್ದು, ಹಳ್ಳ, "ಅಮ್ಮಾ" ಎಲ್ಲ ಹೇಳಿದ. ಕ್ಯಾಪ್ಟನ್ ಬಾಯಿ ಮೇಲೆ ಕೈ ಇಟ್ಟುಕೊಂಡು ನಕ್ಕ. ನಗು ಮುಗಿದ ಮೇಲೆ ಇಬ್ಬರೂ ಗಂಭೀರವಾಗಿ ಯೋಚನೆ ಮಾಡಿದರು. ಹೊರಗೆ ಇನ್ನೂರು ಜನ ಬೇಲಿ ಬಡಿಯುತ್ತಿದ್ದರು.

"ಇದು ದಿನಾ ಏನು ಮಾಡುತ್ತೆ?" ಎಂದ ಜೋಥಮ್.

"ತಿನ್ನುತ್ತೆ, ಮಲಗುತ್ತೆ. ಮೂರು ಗಂಟೆಗೆ ಬಿಸಿಲು ಬೆನ್ನಿಗೆ ಬಿದ್ದರೆ ಎಲ್ಲಿದ್ದರೂ ಅಲ್ಲೇ ಮಲಗಿಬಿಡುತ್ತೆ. ಆಮೇಲೆ ಫಿರಂಗಿ ಹೊಡೆದರೂ ಏಳಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೊಟ್ಟಿಗೆಯ ಬಾಗಿಲು ಕಿರ್ರೆಂದು ತೆರೆಯಿತು. ಕ್ಯಾಪ್ಟನ್ ಒಂದು ಬೆದರಿದ ಕೂಗು ಹಾಕಿ ಹೊರಗೆ ಹಾರಿ ಬೇಲಿ ಹತ್ತಿದ. ಅವನ ಹಿಂದೆ ಕೊನೇದಿನ ನಿಧಾನವಾಗಿ ಬಿಸಿಲಿಗೆ ಬಂತು. ಮುದಿತನಕ್ಕೆ ಅದರ ಕಾಲು ನಡುಗುತ್ತಿತ್ತು. "ನೋಡು, ಸಿಟ್ಟಿಗೆ ಮೈಯೆಲ್ಲ ನಡುಗ್ತಾ ಇದೆ!" ಎಂದ ಗಸ್. ಆಮೇಲೆ ಜೋಥಮ್ ಬಂದ, ಕಣ್ಣಿಗೆ ಪಟ್ಟಿ, ಕೈಯಲ್ಲಿ ಮೊಟ್ಟೆ. ತಡವುತ್ತ ನಡೆದವನು ಮೊದಲು ಬೇಲಿಯ ಕಂಬವನ್ನು ಮುಟ್ಟಿ, ಅದು ಕುದುರೆಯಲ್ಲವೆಂದು ತಿಳಿದು ತಿರುಗಿ, ಕಡೆಗೆ ಬೆಚ್ಚಗಿನ ಮೂತಿಗೆ ಮೂಗು ತಾಗಿಸಿದ. ಬೇಲಿಯ ಮೇಲೆ ಉಸಿರಾಟ ನಿಂತಿತು.

"ಮಲಗು ತಾತ" ಎಂದ ಅದರ ಕಿವಿಯಲ್ಲಿ.

ಕುದುರೆ ಒಂದು ನಿಟ್ಟುಸಿರು ಬಿಟ್ಟು ಮುಂಗಾಲು ಮಡಚಿತು, ಹಿಂಗಾಲು ಮಡಚಿತು, ಒಂದು ಕಡೆ ವಾಲಿ ಮಲಗಿತು. ಸ್ವಲ್ಪ ಹೊತ್ತಿಗೆ ಗೊರಕೆಯೂ ಕೇಳಿಸಿತು.

ಮೊದಲು ಗಸ್ ಟೊಪ್ಪಿ ತೆಗೆದ. ಆಮೇಲೆ ಎಲ್ಲರೂ ತೆಗೆದರು. "ಪಿಸುಮಾತಿಗೇ ಹೀಗೆ" ಎಂದ ಫಿನಿಯಸ್ ನಡುಗುವ ದನಿಯಲ್ಲಿ. "ಕೂಗಿದ್ದಿದ್ರೆ ಸತ್ತೇ ಹೋಗ್ತಿತ್ತು. ಮೂಕಪ್ರಾಣಿ ಅಂತ ಮರುಕ ತೋರಿಸಿದ."

"ಅದಕ್ಕೆ ನಿದ್ದೆ ಬಂದಿತ್ತು ಅಷ್ಟೇ" ಎಂದ ಜೋಥಮ್ ಪಟ್ಟಿ ಬಿಚ್ಚುತ್ತ. ನಿಜ ಹೇಳಿದ ಸಮಾಧಾನ ಅವನಿಗೆ. ಎಂಥ ವಿನಯ ಎಂದು ಜನಕ್ಕೆ ಕಣ್ಣಲ್ಲಿ ನೀರು ಬಂತು. ಕ್ಯಾಪ್ಟನ್ ಬಾಗ್ಸ್ ಅಳುವ ಹಾಗೆ ಮುಖ ಮಾಡಿಕೊಂಡು ಬಂದು ಕೈ ಕುಲುಕುತ್ತ, "ಇನ್ನು ನನಗೆ ಹತ್ತು ವರ್ಷ ಯೋಚನೆ ಇಲ್ಲ. 'ಗುಡುಗು ಪ್ರಾಟ್ ಒಬ್ಬನಿಗೆ ಬಿಟ್ಟು ಯಾರಿಗೂ ಬಗ್ಗದ ಕುದುರೆ' ಅಂತ ಬೋರ್ಡ್ ಬರೆಸ್ತೀನಿ" ಎಂದು ಕಿವಿಯಲ್ಲಿ ಹೇಳಿದ.

ನಾಲ್ಕು ಗಂಟೆಗೆ ಸರಿಯಾಗಿ ಜೋಥಮ್ ಲವೀನಾಳ ಹಿಂಬಾಗಿಲಿನಲ್ಲಿದ್ದ. ಸ್ನಾನ ಮಾಡಿದ್ದ. ಕೂದಲಿಗೆ ನೀರು ಹಚ್ಚಿ ಬಾಚಿದ್ದ. ಒಡೆಯದ ಮೊಟ್ಟೆಯನ್ನು ಅವಳ ಮೇಜಿನ ಮೇಲಿಟ್ಟ. ಬೇರೆ ಉಡುಗೊರೆ ಏನೂ ಅವನ ಹತ್ತಿರ ಇರಲಿಲ್ಲ.

"ಹತ್ತಲಿಲ್ಲ" ಎಂದ.

"ಕೇಳ್ದೆ" ಎಂದಳು. ಪೈ ಮುಂದಿಟ್ಟಳು. "ಹೇಳು ಈಗ."

ಜೋಥಮ್ ಪೈ ಮುಟ್ಟಲಿಲ್ಲ. ಅವನ ಜೀವನದಲ್ಲಿ ಅಂಥ ದಿನ ಅದೊಂದೇ. "ಲವೀನಾ, ನಾನಿನ್ನು ಕುದುರೆ ಹತ್ತಲ್ಲ. ಇಲ್ಲೇ ಇರ್ತೀನಿ. ಸೌದೆ ಒಡೀತೀನಿ, ನೀರು ತರ್ತೀನಿ, ಆಲೂಗಡ್ಡೆ ಸುಲೀತೀನಿ. ನನ್ನನ್ನ ಮದುವೆ ಆಗ್ತೀಯಾ? ಆದರೆ ಮೊದಲೇ ಹೇಳಿಬಿಡ್ತೀನಿ, ನಾನು ಯಾವ ಗುಡುಗಿಗೂ ಗದರಿದವನಲ್ಲ."

"ಗೊತ್ತು. ನೀನೇ ಹೇಳಿದ್ದೆಯಲ್ಲ, ಪ್ಯಾಂಟು ಹಿಡ್ಕೊಂಡು ಓಡಿದ್ದು."

"ಮತ್ತೆ ಈ ಬುರುಡೆಯೆಲ್ಲ ಹಬ್ಬಿಸಿದವನು ಯಾವನು? ಆರು ವರ್ಷದಿಂದ ನನ್ನ ಪ್ರಾಣ ಹಿಂಡ್ತಾ ಇದಾನೆ. ಸಿಕ್ಕಲಿ ಒಂದು ಸಲ. ನಿಯಮ ಹಾಳಾಗಿಹೋಗಲಿ, ಮುಖದ ಮೇಲೇ ಹೇಳ್ತೀನಿ, ನೀನು ಸುಳ್ಳುಗಾರ ಅಂತ!"

"ಹೇಳು" ಎಂದಳು ಲವೀನಾ. ಅವಳು ಮೊಟ್ಟೆಯನ್ನು ಬಟ್ಟಲ ಅಂಚಿಗೆ ಬಡಿದು ಹಿಟ್ಟಿಗೆ ಒಡೆದಳು.

"ನೀನಾ?" ಎಂದ ಜೋಥಮ್.

"ಗಂಡ ಹೋದ ಮೇಲೆ ಒಬ್ಬಳೇ ಈ ಮನೆ ನಡೆಸ್ತಿದ್ದೆ" ಎಂದಳು ಅವಳು. "ಒಂದೇ ವಾರದಲ್ಲಿ ಹದಿನೆಂಟು ತಟ್ಟೆ, ಎರಡು ಕಿಟಕಿ, ಒಂದು ಮೇಜು. ಕುಡಿದು ಬರೋ ನಲವತ್ತು ಜನರನ್ನ ನಾನೊಬ್ಬಳು ಹೇಗೆ ಹಿಡೀಲಿ? ಆಗ ನೀನು ಬಂದು ಆ ಕತೆ ಹೇಳಿದೆ. ನಕ್ಕೆ ನಿಜ. ಮಾರನೇ ದಿನ ಒಬ್ಬ ಕುರ್ಚಿ ಎತ್ತಿದಾಗ ಅಂದೆ, ಗಲಾಟೆ ಮಾಡ್ಬೇಡ, ಆ ಮೂಲೇಲಿ ಗುಡುಗು ಪ್ರಾಟ್ ಮಲಗಿದಾನೆ, ಎದ್ದರೆ ಗದರ್ತಾನೆ ಅಂತ. ಕುರ್ಚಿ ಕೆಳಗಿಟ್ಟ. ಅವತ್ತಿನಿಂದ ಒಂದು ಬಟ್ಟಲೂ ಒಡೆದಿಲ್ಲ. ನದಿ ಡೊಂಕಾಗಿದ್ದು ಮಾತ್ರ ನಾನಲ್ಲ, ಅದು ಗಸ್."

"ಹಾಗಾದರೆ ಮಧ್ಯಾಹ್ನ ಹತ್ತಬೇಡ ಅಂದದ್ದು..."

"ಮೊದಲನೇ ನೆಗೆತಕ್ಕೇ ಬೀಳ್ತೀಯ ಅಂತ ನನಗೆ ಗೊತ್ತಿಲ್ವಾ? ಊರೆಲ್ಲ ನೋಡ್ತಿರುವಾಗ ನೀನು ಬಿದ್ದರೆ ನನ್ನ ತಟ್ಟೆಗಳ ಗತಿ ಏನು?"

"ನನ್ನ ಗತಿ?"

ಲವೀನಾ ಹಿಟ್ಟು ಕಲಸುವ ಕೈ ನಿಲ್ಲಿಸಿದಳು. "ಅದೂ ಇತ್ತು" ಎಂದಳು ಮೆಲ್ಲಗೆ. ಅವಳ ಕಿವಿ ಕೆಂಪಾಗಿತ್ತು. "ಜೋಥಮ್, ನೀನು ಕೇಳಿದ್ದಕ್ಕೆ..."

ಅಷ್ಟರಲ್ಲಿ ಹೊರಗಿನ ಕೋಣೆಯಲ್ಲಿ ಮೇಜು ಅದುರಿತು. ಟೆಕ್ಸಾಸಿನಿಂದ ಹೊಸದಾಗಿ ಬಂದ ಒಂದು ತಂಡ ಸಂಜೆಯ ಊಟಕ್ಕೆ ನುಗ್ಗಿತ್ತು. ಹನ್ನೊಂದು ಜನ. ಅವರ ಮುಂದಾಳು ಬಾಗಿಲು ತುಂಬುವಂಥ ಆಳು. ಆಗಲೇ ಎರಡು ಸೀಸೆ ಇಳಿಸಿ ಬಂದಿದ್ದ. ಮೂಲೆಯಲ್ಲಿ ಊಟಕ್ಕೆ ಕೂತಿದ್ದ ಫಿನಿಯಸ್ಸೂ ಗಸ್ಸೂ ತಮ್ಮ ತಟ್ಟೆಗಳನ್ನು ಎದೆಗೆ ಅವಚಿಕೊಂಡರು. ಲವೀನಾ ಒಂದು ಏಪ್ರನ್ ತೆಗೆದು ಜೋಥಮನ ಕೊರಳಿಗೆ ಹಾಕಿ, "ಆಲೂಗಡ್ಡೆ ಸುಲೀತಾ ಇರು, ಬಂದೆ" ಎಂದು ಹೊರಗೆ ಹೋದಳು. ಅವನು ಚಾಕು, ಬುಟ್ಟಿ ಹಿಡಿದು ಬಾಗಿಲ ಹತ್ತಿರ ನಿಂತು ಇಣುಕಿದ.

"ಏನಮ್ಮಾ, ಒಬ್ಬಳೇನಾ?" ಎಂದ ಆ ಆಳು, ಬೂಟುಗಾಲನ್ನು ಮೇಜಿನ ಮೇಲಿಟ್ಟು. "ಗಂಡ ಇಲ್ವಂತೆ? ನಾನಿಲ್ವಾ?" ಎಂದು ಒಂದು ತಟ್ಟೆಯನ್ನು ಬೆರಳ ತುದಿಯಲ್ಲಿ ತಿರುಗಿಸತೊಡಗಿದ.

"ಗುಡುಗು ಪ್ರಾಟ್‌ಗೆ ಮಾತು ಕೊಟ್ಟಿದೀನಪ್ಪ" ಎಂದಳು ಲವೀನಾ ತಣ್ಣಗೆ. "ಅವನನ್ನೇ ಮದುವೆ ಆಗೋದು."

ಬಾಗಿಲ ಹಿಂದೆ ಜೋಥಮನ ಕೈಯಿಂದ ಆಲೂಗಡ್ಡೆ ಜಾರಿತು. ಒಪ್ಪಿದಳು! ಇಷ್ಟು ಜನರ ಎದುರಿಗೆ ಒಪ್ಪಿದಳು! ಅವನಿಗೆ ಕುಣಿಯಬೇಕೆನ್ನಿಸಿತು. ಮೊಣಕಾಲು ಬಿಡಲಿಲ್ಲ.

ತಟ್ಟೆ ತಿರುಗುವುದು ನಿಂತಿತು. "ಗುಡುಗು ಪ್ರಾಟಾ? ಎಲ್ಲಿ ಅವನು? ನೋಡಬೇಕಲ್ಲ."

ಲವೀನಾ ಒಂದು ಸಲ ಹಿಂದಿರುಗಿ ನೋಡಿದಳು. ಬಾಗಿಲಲ್ಲಿ ಏಪ್ರನ್ ತೊಟ್ಟ, ಡೊಂಕುಕಾಲಿನ, ಹಲ್ಲುಕಿರಿಯುತ್ತಿದ್ದ ಒಬ್ಬ ಗಿಡ್ಡ ಮನುಷ್ಯ ನಿಂತಿದ್ದ. ಕೆನ್ನೆಗೆ ಆಲೂಗಡ್ಡೆ ಸಿಪ್ಪೆ ಅಂಟಿತ್ತು. ಅವಳು ಮತ್ತೆ ಆ ಆಳಿನ ಕಡೆ ತಿರುಗಿದಳು.

"ಮೊಂಟಾನಾಕ್ಕೆ ಹೋದ" ಎಂದಳು. "ಅರ್ಧ ಗಂಟೆ ಆಯ್ತು. ತುಂಬ ದೂರ ಹೋಗಿರಲ್ಲ, ಗಲಾಟೆ ಆದರೆ ಕೇಳಿಸುತ್ತೆ ಅವನಿಗೆ. ಇವತ್ತು ಮಧ್ಯಾಹ್ನ ಕೊನೇದಿನ ಅನ್ನೋ ಕುದುರೇನ ಪಿಸುಮಾತಲ್ಲೇ ಮಲಗಿಸಿ ಹೋದ."

ಆಳು ಮೂಲೆಗೆ ತಿರುಗಿದ. "ನಿಜವೇನಯ್ಯಾ?"

ಫಿನಿಯಸ್ ಬಾಯಿ ತೆರೆದ. ಅವನ ಕಣ್ಣು ಲವೀನಾಳ ಮೇಲೆ ಹೋಯಿತು, ಆಮೇಲೆ ಏಪ್ರನ್ನಿನ ಮೇಲೆ ಬಂತು. ಬೆಳಿಗ್ಗೆ ತಾನೇ ಬೋಳಿಸಿದ ಗಡ್ಡ ಅದು. ಆದರೆ ಹೆಂಗಸು ಒಂದು ಮಾತು ಹೇಳಿದ್ದಾಳೆ. ಅವನು ಟೊಪ್ಪಿ ಸರಿಮಾಡಿಕೊಂಡ.

"ಹೋದ" ಎಂದ, ಜೋಥಮನ ಮುಖವನ್ನೇ ನೋಡುತ್ತ. "ಒಂದು ಮಾತೂ ಹೇಳದೆ ಹೋಗಿಬಿಟ್ಟ."

"ನನ್ನ ಕುಲುಮೆ ಮುಂದೇನೇ ಹೋದ" ಎಂದ ಗಸ್, ಅವನೂ ಜೋಥಮನನ್ನೇ ನೋಡುತ್ತ. "ಕೈ ಬೀಸಿದ. ಬೀಸಿದ ಗಾಳಿಗೆ ಬೆಂಕಿ ಆರಿಹೋಯ್ತು."

"ಏಯ್, ಏಪ್ರನ್!" ಎಂದ ಆಳು. "ನೀನೂ ನೋಡಿದೆಯಾ ಅವನನ್ನ?"

ಈಗ ಸತ್ಯ ಹೇಳಿದರೆ ಕ್ಷೌರಿಕ ಸುಳ್ಳುಗಾರ, ಕಮ್ಮಾರ ಸುಳ್ಳುಗಾರ, ಎಲ್ಲಕ್ಕಿಂತ ಮೇಲಾಗಿ ತನ್ನನ್ನು ಮದುವೆಯಾಗಲು ಈಗಷ್ಟೇ ಒಪ್ಪಿದ ಹೆಂಗಸು ಸುಳ್ಳುಗಾರ್ತಿ. ಅವನು ನಿಯಮ ಬಲ್ಲವನು.

"ನೋಡಿದೆ ಸ್ವಾಮಿ" ಎಂದ. "ಹೋಗುವಾಗ ಆ ಬಾಗಿಲಿಗೆ ತಲೆ ತಗುಲಿತು. ಬಗ್ಗಿ ಹೋದ."

ಆಳು ಬಾಗಿಲ ಎತ್ತರವನ್ನು ಅಳೆಯುವ ಹಾಗೆ ನೋಡಿದ. ಬೂಟುಗಾಲು ಮೇಜಿನಿಂದ ಇಳಿಯಿತು. ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಮೇಜಿನ ಮೇಲಿಟ್ಟು, "ಕೈ ತೊಳೆಯೋದು ಎಲ್ಲಿ ಅಮ್ಮಾವ್ರೇ?" ಎಂದು ಕೇಳಿದ. ಹನ್ನೊಂದು ಜನವೂ ಸಾಲಾಗಿ ಹೋಗಿ ಕೈ ತೊಳೆದು ಬಂದರು.

ಎಲ್ಲರ ಊಟ ಮುಗಿದು, ತಟ್ಟೆಗಳು ಒಂದೂ ಒಡೆಯದೆ ಅಡುಗೆಕೋಣೆಗೆ ಬಂದವು. ಜೋಥಮ್ ಅವುಗಳ ಮುಂದೆ ತೋಳು ಮಡಚಿ ನಿಂತ. ಅವನ ಮನಸ್ಸು ಹಗುರವಾಗಿತ್ತು. ಕುದುರೆ ಇಲ್ಲ, ಧೂಳಿಲ್ಲ, ಸೊಂಟ ಮುರಿದಿಲ್ಲ, ಹೊಟ್ಟೆಯಲ್ಲಿ ಮೂರು ತುಂಡು ಪೈ ಇತ್ತು. ಇನ್ನು ಯಾರೂ ತನ್ನನ್ನು ಯಾವ ಪ್ರಾಣಿಯನ್ನೂ ಹತ್ತು ಅನ್ನುವುದಿಲ್ಲ. ಆ ಮನುಷ್ಯ ಮೊಂಟಾನಾಕ್ಕೆ ಹೋದನಲ್ಲ.

"ಮದುವೆ ಯಾವಾಗ ಇಟ್ಕೊಳ್ಳೋಣ?" ಎಂದು ಕೇಳಿದ.

ಲವೀನಾ ತಟ್ಟೆ ಒರೆಸುತ್ತಿದ್ದವಳು ಅವನ ಕಡೆ ನಿಜವಾದ ಅಕ್ಕರೆಯಿಂದ ನೋಡಿದಳು.

"ಹೇಗಾಗುತ್ತೆ ಜೋಥಮ್? ಗುಡುಗು ಪ್ರಾಟನನ್ನ ಮದುವೆ ಆಗ್ತೀನಿ ಅಂತ ಅಷ್ಟು ಜನರ ಮುಂದೆ ಮಾತು ಕೊಟ್ಟೆ. ಈಗ ಪಾತ್ರೆ ತೊಳೆಯೋನನ್ನ ಆದರೆ ನನ್ನ ಮಾತು ಸುಳ್ಳಾಗಲ್ವಾ?"

ಜೋಥಮ್ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದ. ಅವಳು ಹೇಳುವುದರಲ್ಲಿ ತಪ್ಪು ಹುಡುಕಲು ನೋಡಿದ. ಸಿಗಲಿಲ್ಲ.

"ಅವನು ಬರೋದು ಯಾವಾಗ?"

"ಮೊಂಟಾನಾ ದೂರ" ಎಂದಳು ಲವೀನಾ. "ನಾಳೆಗೆ ಇನ್ನೊಂದು ಬುಟ್ಟಿ ಆಲೂಗಡ್ಡೆ ಬೇಕಾಗುತ್ತೆ."

ಜೋಥಮ್ ಬುಟ್ಟಿ ಎಳೆದುಕೊಂಡು ಕೂತ. ಒಂದು ಆಲೂಗಡ್ಡೆ ಸುಲಿದು, ಕಿಟಕಿಯಾಚೆ ಉತ್ತರಕ್ಕೆ ಹೋಗುವ ದಾರಿಯನ್ನು ನೋಡಿದ. ಯಾರೂ ಬರುತ್ತಿರಲಿಲ್ಲ.